ಒಂದು ಹಗಲಿನಲ್ಲಿ ಎರಡು ಗಿರಿಪಟ್ಟಣಗಳು

ಹಡಗಿನ ಪ್ರವಾಸವನ್ನು ಕುರಿತು ಈ ಪುಟದಲ್ಲಿ ಬಂದುದನ್ನು ಓದಿದ ಗೃಹಸ್ಥರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜವಾಗಿದೆ. ಹಡಗು ಬೆಳಗ್ಗೆ ರೇವಿಗೆ ಬಂದು ಸಂಜೆ ಹೊರಟುಹೋಗುವುದು; ನಡುವೆ ದೊರೆಯುವ ಹತ್ತು ಹನ್ನೊಂದು ಗಂಟೆಗಳಲ್ಲಿ ದಡವನ್ನಿಳಿದು ಓಡಾಡಿ ಬಂದು, ಇಂಥ ದೇಶವನ್ನು ನೋಡಿದೆವೆಂದು ಹೇಳಿಕೊಳ್ಳುವುದು ಎಷ್ಟರ ಮಟ್ಟಿಗೆ ಸರಿ? ಇಷ್ಟು ಹಣವನ್ನು ವೆಚ್ಚಮಾಡಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಕಡೆಗೆ ಕೈಗೆ ದಕ್ಕುವುದೇನು? ಇದಕ್ಕೆ ಬರಿಯ ಮಾತಿನಿಂದ ಉತ್ತರ ಕೊಡುವುದಕ್ಕಿಂತ, ಇಟಲಿ ದೇಶದ ತಸ್ಕನಿ ಪ್ರಾಂತದಲ್ಲಿ ನಾವು ಕಳೆದ ಒಂದೇ ಒಂದು ಹಗಲಿನ ವೃತ್ತಾಂತವನ್ನು ನಿವೇದಿಸುವುದು ಲೇಸೆಂದು ತೋರುತ್ತದೆ. ಅದರಲ್ಲಿ ಲಾಭವೆಷ್ಟು ನಷ್ಟವೆಷ್ಟು ಎಂಬುದನ್ನು ವಾಚಕರೇ ತೂಗಿ ನೋಡಬಹುದು.

ನಮ್ಮ ಹಡಗು ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಏಳು ಗಂಟೆಗೆ ಲಿವೋರ್ನೋ ಎಂಬ ರೇವುಪಟ್ಟಣದಲ್ಲಿ ತಂಗಿತು. ಈ ಊರಿನ ಹೆಸರನ್ನು ನಮ್ಮವರು ಕೇಳಿಲ್ಲವೆಂದು ಭಾವಿಸಬೇಕಾಗಿಲ್ಲ. ಇಂಗ್ಲಿಷರ ಬಾಯಲ್ಲಿ ಇದು ಲೆಗ್‌ಹಾರ್ನ್ ಆಯಿತು. ನಮ್ಮ ಹಳ್ಳಿಗಳಲ್ಲಿಯೂ ಸಾಕುವ ಬಿಳಿಯ ಲೆಗ್‌ಹಾರ್ನ್ ಕೋಳಿಗೆ ಹೆಸರು ಬಂದುದು ಈ ಬಂದರಿನಿಂದಲೇ. ಹಿಂದೆ ಈ ಸೀಮೆಗೆ ಪೀಸಾ ನಗರವೇ ಕಡಲ ಬಾಗಿಲಾಗಿತ್ತು. ಆರ್ನೋ ನದಿಯ ಹೂಳು ತುಂಬಿ ಪೀಸಾ ಕಡಲಿನಿಂದ ದೂರವಾದ ಮೇಲೆ, ಫ್ಲಾರೆನ್ಸಿನವರು 1421ರಲ್ಲಿ ಲಿವೋರ್ನೋವನ್ನು ಜಿನೋವಾದವರಿಂದ ಕ್ರಯಕ್ಕೆ ಕೊಂಡರು. ಮೆಡಿಚಿ ವಂಶದ ಪ್ರಭುಗಳು ಅದನ್ನು ಬೆಳೆಯಿಸಿದರು. ಒಂದನೆಯ ಫರ್ಡಿನಾಂಡನು 1591ರಲ್ಲಿಯೂ 1593ರಲ್ಲಿಯೂ ಶಾಸನಗಳನ್ನು ಹೊರಡಿಸಿ, ಯಾವ ದೇಶದ, ಯಾವ ಮತದ ವರ್ತಕನಾದರೂ ಇಲ್ಲಿ ಬಂದು ನಿರ್ಭಯವಾಗಿ ನೆಲಸಬಹುದೆಂದು ಸಾರಿದನು. ಯೆಹೂದ್ಯರೂ ಅರ್ಮೇನಿಯದವರೂ ಗ್ರೀಕರೂ ಇಂಗ್ಲಿಷರೂ ಬಂದು ಸೇರಿ ಊರು ಬೆಳೆಯಿತು. ಆದರೆ ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳು ಬಿದ್ದು ಹಳೆಯ ಊರು ಬಹುಭಾಗ ನಾಶವಾಯಿತು. ಆದುದರಿಂದ ಹಡಗಿನಿಂದ ಇಳಿದವರು ಇಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ನೂರರಲ್ಲಿ ಬಹುಮಂದಿ ನೇರವಾಗಿ ಪೀಸಾದ ವಾಲುಗೋಪುರಕ್ಕೋ ಫ್ಲಾರೆನ್ಸಿಗೋ ಓಡುತ್ತಾರೆ.

ನಾವು ಆ ಎರಡನ್ನೂ ಬಿಟ್ಟು ಬೆಟ್ಟದ ಮೇಲಣ ಎರಡು ಹಳೆಯ ಪಟ್ಟಣಗಳನ್ನು ಆರಿಸಿಕೊಂಡೆವು: ಒಂದು ಸಾನ್ ಜಿಮಿನ್ಯಾನೋ, ಇನ್ನೊಂದು ವೊಲ್ತೇರಾ. ಬಯಲು ಬೇಕಾದಷ್ಟಿರುವಾಗ ಈ ಜನರು ಬೆಟ್ಟದ ನೆತ್ತಿಯ ಮೇಲೇಕೆ ಊರು ಕಟ್ಟಿದರೆಂಬುದನ್ನು ಮೊದಲು ತಿಳಿಯಬೇಕು. ಕಡಲ ತೀರದ ತಗ್ಗುಗಳಲ್ಲಿ ಹಿಂದೆ ಜೌಗುನೆಲವಿದ್ದು ಚಳಿಜ್ವರ ಬಿಡದೆ ಕಾಡುತ್ತಿತ್ತು. ಕಡಲ ಮೇಲಿಂದ ಕಳ್ಳರೂ, ಬಯಲಿನಿಂದ ದಂಡುಗಳೂ ಬರುತ್ತಿದ್ದುವು. ಬೆಟ್ಟದ ಮೇಲಾದರೆ ಗಾಳಿ ಚೊಕ್ಕಟ, ಹಗೆಯು ದೂರದಲ್ಲಿಯೇ ಕಾಣುವನು, ಕೋಟೆಗೆ ಅರ್ಧ ಕೆಲಸವನ್ನು ಪ್ರಕೃತಿಯೇ ಮಾಡಿಕೊಟ್ಟಿರುವುದು. ನೀರಿಗೆ ಮಾತ್ರ ಕಷ್ಟ. ಆದುದರಿಂದಲೇ ಇಂಥ ಊರುಗಳಲ್ಲಿ ಮಳೆಯ ನೀರನ್ನು ಕೂಡಿಡುವ ತೊಟ್ಟಿಯೂ ಬಾವಿಯೂ ಊರಿನ ನಟ್ಟನಡುವೆ ಮರ್ಯಾದೆಯ ಸ್ಥಾನವನ್ನು ಪಡೆದಿರುತ್ತವೆ.

ಇಲ್ಲಿ ವೆಚ್ಚದ ವಿಷಯವಾಗಿ ಎರಡು ಮಾತು. ಹಡಗಿನವರೇ ಏರ್ಪಡಿಸುವ ದಡದ ಪ್ರವಾಸಗಳುಂಟು; ಅವುಗಳ ಬೆಲೆ ಹೆಚ್ಚು. ನಾವಾಗಿಯೇ ವಾಹನವನ್ನು ಗೊತ್ತುಮಾಡಿಕೊಂಡರೆ, ಅದರಲ್ಲಿಯೂ ನಾಲ್ಕಾರು ಜನ ಸೇರಿದರೆ, ಬೆಲೆ ಬಹಳ ಇಳಿಯುತ್ತದೆ. ಆದರೆ ಹಡಗಿನವರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುವುದು. ನಮ್ಮ ವಾಹನ ತಡವಾದರೆ ಕಾಯುವುದಿಲ್ಲ. ಮುಂದಿನ ರೇವಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಡಗನ್ನು ಹಿಡಿಯಬೇಕಾಗುವುದು. ಹೆಚ್ಚಿನ ಬೆಲೆಯಲ್ಲಿ ಒಂದು ಭಾಗ ಈ ಅಭಯಕ್ಕಾಗಿ ಕೊಡುವ ದಕ್ಷಿಣೆಯೆಂದು ತಿಳಿಯಬೇಕು. ನಾವು ಮೂರು ಮನೆಯವರು ಸೇರಿ ಒಂದು ಚಿಕ್ಕ ವ್ಯಾನನ್ನು ಗೊತ್ತುಮಾಡಿಕೊಂಡೆವು. ಸಂಜೆ ಆರೂವರೆಗೆ ಎಲ್ಲರೂ ಹಡಗಿನೊಳಗಿರಬೇಕು. ನಾವು ಐದೂವರೆಗೇ ರೇವಿನಲ್ಲಿರಬೇಕೆಂದು ಚಾಲಕನೊಡನೆ ಕರಾರು ಮಾಡಿಕೊಂಡೆವು. ಉಳಿದ ಒಂದು ಗಂಟೆ ದಾರಿಯ ವಿಘ್ನಗಳಿಗೆ ಮೀಸಲು.

ನಮ್ಮ ತಂಡದಲ್ಲಿ ಹಾಸನದ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರೂ ಅವರ ಪತ್ನಿಯವರೂ ಇದ್ದರು. ಅವರು ಹೈಸ್ಕೂಲಿನಲ್ಲಿ ಚರಿತ್ರೆಯನ್ನು ಹೇಳಿಕೊಟ್ಟವರು. ರೋಮನರ ಪಾಠಕ್ಕೆ ಮುಂಚೆ ಎಟ್ರಸ್ಕನರೆಂಬ ಜನಾಂಗದ ವಿಷಯವಾಗಿ ಪುಸ್ತಕದಲ್ಲಿ ನಾಲ್ಕೇ ಸಾಲುಗಳಿದ್ದುವಂತೆ. ಆ ನಾಲ್ಕು ಸಾಲುಗಳ ಆಚೆಗೆ ಏನಿದೆಯೆಂದು ನೋಡಬೇಕೆಂಬ ಆಸೆ ಅವರಿಗೆ ಆಗಿನಿಂದಲೂ ಇತ್ತು. ವೊಲ್ತೇರಾ ಆ ಎಟ್ರಸ್ಕನರ ಊರು. ಆದರೆ ಪತ್ನಿಯವರಿಗೆ ಮಂಡಿ ನೋವು. ಬೆಟ್ಟದ ಊರೆಂದ ಕೂಡಲೇ ಆಕೆ, “ನಾನು ಹಡಗಿನಲ್ಲಿಯೇ ಇರುತ್ತೇನೆ, ನೀವು ಹೋಗಿ ಬನ್ನಿ,” ಎಂದರು. ಉಪಾಧ್ಯಾಯರು, “ನೀನು ಬಾರದಿದ್ದರೆ ನನಗೂ ಬೇಡ,” ಎಂದರು. ಕಡೆಗೆ, ನಡೆಯಲು ಆದಷ್ಟು ನಡೆಯುವುದು, ಆಗದ ಕಡೆ ಕೂತಿರುವುದು ಎಂಬ ಒಡಂಬಡಿಕೆಯ ಮೇಲೆ ಇಬ್ಬರೂ ಹೊರಟರು.

ರೇವಿನಿಂದ ಸಾನ್ ಜಿಮಿನ್ಯಾನೋಗೆ ಒಂದೂವರೆ ಗಂಟೆಗೂ ಮೀರಿದ ದಾರಿ. ಮೊದಲು ಆರ್ನೋ ನದಿಯ ಬಯಲು. ಅಲ್ಲಿ ಕಾರ್ಖಾನೆಗಳೇ ಹೆಚ್ಚು. ಆ ಮೇಲೆ ದಕ್ಷಿಣಕ್ಕೆ ತಿರುಗಿದೊಡನೆ ನೆಲವು ಅಲೆಯಲೆಯಾಗಿ ಏಳತೊಡಗುತ್ತದೆ. ಒಂದು ಇಳಿಜಾರಿನಲ್ಲಿ ದ್ರಾಕ್ಷಿ, ಅದರ ಪಕ್ಕದಲ್ಲಿ ಬೂದುಬಣ್ಣದ ಆಲಿವ್ ಮರಗಳು, ದಿಣ್ಣೆಯ ಮೇಲೆ ಸಾಲಾಗಿ ನೆಟ್ಟ ಸೈಪ್ರಸ್ ಮರಗಳು, ನಡುನಡುವೆ ಎಳೆಯ ಗೋಧಿಯ ಹಸುರು. ದಾರಿಯಲ್ಲಿ ಉಪಾಧ್ಯಾಯರು ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳಿದರು. ಫಿಲಿಪ್ಪೋ ಸಸ್ಸೆಟ್ಟಿ ಎಂಬ ಫ್ಲಾರೆನ್ಸಿನ ವರ್ತಕನು 1583ರಲ್ಲಿ ಇಂಡಿಯಾಕ್ಕೆ ಬಂದು, ಕೊಚ್ಚಿಯಲ್ಲಿಯೂ ಗೋವೆಯಲ್ಲಿಯೂ ಇದ್ದು, 1588ರಲ್ಲಿ ಗೋವೆಯಲ್ಲಿಯೇ ತೀರಿಕೊಂಡನು. ಆತನು ತನ್ನ ಊರಿನವರಿಗೆ ಬರೆದ ಕಾಗದದಲ್ಲಿ, ಈ ದೇಶದ ಪಂಡಿತರ ಸಂಸ್ಕೃತಕ್ಕೂ ತನ್ನ ಮಾತಿಗೂ ಹೋಲಿಕೆಯುಂಟೆಂದು ತಿಳಿಸಿದನು. ಷಟ್, ಸಪ್ತ, ಅಷ್ಟ, ನವ ಎಂಬುದಕ್ಕೆ ಇಟಲಿಯವರು ಸೆಯಿ, ಸೆತ್ತೆ, ಒತ್ತೊ, ನೋವೆ ಎನ್ನುತ್ತಾರೆ. ಭಾಷೆಗಳ ಈ ನಂಟನ್ನು ವಿದ್ವಾಂಸರು ಶಾಸ್ತ್ರವಾಗಿ ವಿವರಿಸುವುದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಒಬ್ಬ ವ್ಯಾಪಾರಿಯ ಕಿವಿಗೆ ಅದು ಕೇಳಿಸಿತ್ತು. ಚಾಲಕನು ಒಂದರಿಂದ ಹತ್ತರವರೆಗೆ ಎಣಿಸಿ ತೋರಿಸಲು, ವ್ಯಾನಿನಲ್ಲಿದ್ದ ಮಕ್ಕಳು ನಕ್ಕು ನಕ್ಕು ಕಲಿತರು.

ಸಾನ್ ಜಿಮಿನ್ಯಾನೋ ದೂರದಿಂದಲೇ ಕಾಣುತ್ತದೆ. ಸಾವಿರ ಅಡಿಗೂ ಎತ್ತರದ ದಿಣ್ಣೆಯ ಮೇಲೆ, ಬೆರಳುಗಳನ್ನು ನೆಟ್ಟಂತೆ, ಚೌಕಾಕಾರದ ಕಲ್ಲಿನ ಗೋಪುರಗಳು ನಿಂತಿವೆ. ಒಂದು ಕಾಲದಲ್ಲಿ ಎಪ್ಪತ್ತೆರಡು ಇದ್ದುವೆಂದು ಪ್ರತೀತಿ. ಈಗ ಹದಿನಾಲ್ಕು ಉಳಿದಿವೆ. ಇವು ದೇವಾಲಯದ ಗೋಪುರಗಳಲ್ಲ, ಕೋಟೆಯ ಬುರುಜುಗಳೂ ಅಲ್ಲ. ಊರಿನ ಒಂದೊಂದು ಧನಿಕ ಮನೆತನದವರು ತಮ್ಮ ತಮ್ಮ ಮನೆಗೆ ಹೊಂದಿಸಿ ಕಟ್ಟಿಸಿಕೊಂಡವು. ಉತ್ತರ ದೇಶಗಳಿಂದ ರೋಮಿಗೆ ಯಾತ್ರಿಕರು ಹೋಗುತ್ತಿದ್ದ ಹೆದ್ದಾರಿ ಈ ಊರಿನ ಮೂಲಕವೇ ಹಾದುಹೋಗುತ್ತಿತ್ತು. ಯಾತ್ರಿಕರಿಂದಲೂ, ಸುತ್ತಲಿನ ಹೊಲಗಳಲ್ಲಿ ಬೆಳೆದ ಕೇಸರಿಯ ವ್ಯಾಪಾರದಿಂದಲೂ ಊರಿಗೆ ಹಣ ಬಂದಿತು. ಹಣ ಬಂದಲ್ಲಿ ಹಟವೂ ಬಂದಿತು. ಸಾಲ್ವುಚ್ಚಿ ಎಂಬ ಮನೆತನಕ್ಕೂ ಅರ್ದಿಂಗೆಲ್ಲಿ ಎಂಬ ಮನೆತನಕ್ಕೂ ತಲೆತಲಾಂತರದ ವೈರ. ಒಬ್ಬರು ಒಂದು ಗೋಪುರವನ್ನೆತ್ತಿದರೆ ಇನ್ನೊಬ್ಬರು ಅದಕ್ಕಿಂತ ಎತ್ತರವಾದುದನ್ನು ಎತ್ತಬೇಕು. ಕಡೆಗೆ 1255ರಲ್ಲಿ ಊರಿನ ಸಭೆಯವರು, ನಗರಾಧಿಕಾರಿಯ ಗೋಪುರಕ್ಕಿಂತ ಎತ್ತರವಾಗಿ ಯಾರೂ ಕಟ್ಟಕೂಡದೆಂದು ಕಟ್ಟಳೆ ಮಾಡಬೇಕಾಯಿತು. ಆಗ ಸಾಲ್ವುಚ್ಚಿಯವರು, ಒಂದೇ ಎತ್ತರವಾಗಬಾರದಷ್ಟೆ, ಎರಡು ಕಟ್ಟಬಹುದಲ್ಲ ಎಂದು ಜೋಡಿ ಗೋಪುರಗಳನ್ನು ಎಬ್ಬಿಸಿದರೆಂದು ಹೇಳುತ್ತಾರೆ. ಗೋಡೆಗಳು ಮಾರುದ್ದ ದಪ್ಪ, ಒಳಗಿನ ಕೋಣೆ ಬಹು ಕಿರಿದು, ವಾಸಕ್ಕೆ ಸುಖವಿಲ್ಲ. ಮದುವೆಯ ಚಪ್ಪರದಲ್ಲಿ ನೆರೆಮನೆಯವರನ್ನು ಮೀರಿಸಲು ಸಾಲ ಮಾಡುವ ನಮ್ಮ ಗೃಹಸ್ಥರಿಗೆ ಈ ಕಥೆಯು ತೀರ ಅಪರಿಚಿತವಾಗಿ ಕಾಣಲಾರದು.

ಇಷ್ಟು ಗೋಪುರಗಳು ಇಂದಿಗೂ ಹೇಗೆ ಉಳಿದುವು? 1348ರಲ್ಲಿ ಯೂರೋಪಿನ ಮಹಾಮಾರಿಯಾದ ಪ್ಲೇಗು ಈ ಊರಿಗೂ ಬಂದು ಜನರಲ್ಲಿ ದೊಡ್ಡ ಪಾಲನ್ನು ಕೊಂದಿತು. ಐದು ವರ್ಷಗಳಲ್ಲಿಯೇ, 1353ರಲ್ಲಿ, ಊರು ಫ್ಲಾರೆನ್ಸಿಗೆ ಶರಣಾಯಿತು. ಯಾತ್ರಿಕರ ಹೆದ್ದಾರಿಯೂ ಕೆಳಗಣ ಕಣಿವೆಗೆ ಸರಿದುಹೋಯಿತು. ಫ್ಲಾರೆನ್ಸು ಮೊದಲಾದ ಸಿರಿವಂತ ನಗರಗಳಲ್ಲಿ ಇಂಥವೇ ಗೋಪುರಗಳು ನೂರಾರು ಇದ್ದುವು. ಅಲ್ಲಿ ಮುಂದಿನ ತಲೆಯವರು ಅವನ್ನು ಕೆಡವಿ ಅರಮನೆಗಳನ್ನು ಕಟ್ಟಿದರು. ಸಾನ್ ಜಿಮಿನ್ಯಾನೋದಲ್ಲಿ ಕೆಡವಿ ಕಟ್ಟಲು ಹಣವಿರಲಿಲ್ಲ. ಮನೆತನಗಳ ಹಟವು ಕಟ್ಟಿದುದನ್ನು ಊರಿನ ಬಡತನವು ಕಾಪಾಡಿತು. 1990ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಊರನ್ನು ಲೋಕದ ಪಾರಂಪರಿಕ ಸ್ಥಳಗಳ ಪಟ್ಟಿಗೆ ಸೇರಿಸಿತು.

ದಕ್ಷಿಣದ ಹೆಬ್ಬಾಗಿಲಿನಿಂದ ಒಳಹೊಕ್ಕು ಏರುಬೀದಿಯಲ್ಲಿ ಸ್ವಲ್ಪ ನಡೆದರೆ ಬಾವಿಯ ಚೌಕವು ಸಿಗುತ್ತದೆ. 1273ರಲ್ಲಿ ತೋಡಿದ ಬಾವಿ. ಎಂಟು ಮೂಲೆಯ ಕಟ್ಟೆ. ಅದರ ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳನ್ನು ಈಗಲೂ ಬೆರಳಿನಿಂದ ಮುಟ್ಟಿ ನೋಡಬಹುದು. ಉಪಾಧ್ಯಾಯರ ಪತ್ನಿಯವರು ಆ ಕಟ್ಟೆಯ ಮೆಟ್ಟಿಲ ಮೇಲೆ ಕೂತರು. ಉಳಿದವರು ಪಕ್ಕದ ಚೌಕದಲ್ಲಿರುವ ಪೌರಭವನವನ್ನು ನೋಡಲು ಹೋದೆವು. ಕವಿ ದಾಂತೆಯು 1300ರಲ್ಲಿ ಫ್ಲಾರೆನ್ಸಿನ ರಾಯಭಾರಿಯಾಗಿ ಬಂದು ಮಾತನಾಡಿದುದು ಈ ಭವನದಲ್ಲಿಯೇ. ಇದಕ್ಕೆ ಸೇರಿದ ದೊಡ್ಡ ಗೋಪುರವು 1311ರಲ್ಲಿ ಪೂರೈಸಿತು. ಎತ್ತರ ಸುಮಾರು 177 ಅಡಿ. ಇನ್ನೂರಕ್ಕೂ ಮೀರಿದ ಮೆಟ್ಟಿಲುಗಳನ್ನು ಹತ್ತಿ ಮೇಲೆ ನಿಂತರೆ, ಕೆಂಪು ಹೆಂಚಿನ ಮಾಡುಗಳೂ, ಕೋಟೆಯ ಸುತ್ತೂ, ಅದರಾಚೆಗೆ ತೋಟ ತೋಟವಾಗಿ ಹರಡಿದ ಕಣಿವೆಯೂ ಒಂದೇ ನೋಟಕ್ಕೆ ದೊರೆಯುತ್ತವೆ.

ಊರಿನ ಮುಖ್ಯ ದೇವಾಲಯವನ್ನು 1148ರಲ್ಲಿ ಪ್ರತಿಷ್ಠೆ ಮಾಡಿದರು. ಅದರ ಗೋಡೆಗಳ ಮೇಲೆಲ್ಲ, ಓದುಬಾರದ ಭಕ್ತರಿಗೂ ತಿಳಿಯುವಂತೆ, ಬೈಬಲಿನ ಕಥೆಗಳ ಚಿತ್ರಗಳು ತುಂಬಿವೆ. ನಮ್ಮ ಮನಸ್ಸನ್ನು ಸೆಳೆದುದು ಅದರೊಳಗಣ ಸಂತ ಫೀನಾಳ ಗುಡಿ. ಫೀನಾ ಎಂಬುವಳು ಈ ಊರಿನ ಒಬ್ಬ ಹುಡುಗಿ. ಚಿಕ್ಕಂದಿನಲ್ಲಿಯೇ ಅಂಗಗಳು ಬಿದ್ದುಹೋಗುವ ರೋಗ ತಗುಲಿ, ಐದು ವರ್ಷ ಓಕ್ ಮರದ ಹಲಗೆಯ ಮೇಲೆ ಮಲಗಿದ್ದು, 1253ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಗ ಊರಿನ ಗಂಟೆಗಳು ತಾವಾಗಿಯೇ ಬಾರಿಸಿದುವೆಂದೂ, ಗೋಪುರಗಳ ಸಂದಿನಲ್ಲಿ ಹಳದಿಯ ಹೂಗಳು ಅರಳಿದುವೆಂದೂ ಐತಿಹ್ಯವಿದೆ. ಆ ಹೂಗಳು ಇಂದಿಗೂ ವಸಂತದಲ್ಲಿ ಕಲ್ಲಿನ ಸಂದುಗಳಲ್ಲಿ ಅರಳುತ್ತವೆ. ನಾವು ಹೋದಾಗಲೂ ಅಲ್ಲೊಂದು ಇಲ್ಲೊಂದು ಉಳಿದಿದ್ದುವು. ಚಿತ್ರಕಾರ ಗಿರ್ಲಾಂದಾಯೋ ಈ ಗುಡಿಯಲ್ಲಿ ಹುಡುಗಿಯ ಶವಸಂಸ್ಕಾರವನ್ನು ಬರೆದಿದ್ದಾನೆ. ರೋಗಿಯ ತಲೆಯನ್ನು ಹಿಡಿದು ಹಿಡಿದು ಕೈಯೇ ಸೆಟೆದುಹೋಗಿದ್ದ ದಾದಿಯೊಬ್ಬಳು ಶವದ ಪಕ್ಕದಲ್ಲಿದ್ದಾಳೆ. ಸತ್ತ ಹುಡುಗಿಯ ಕೈ ಎದ್ದು ಆಕೆಯ ಕೈಯನ್ನು ಮುಟ್ಟಿ ಗುಣಪಡಿಸುತ್ತಿದೆ. ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಇಷ್ಟ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆಯನ್ನು ವರ್ಷಗಟ್ಟಲೆ ಮಾಡಿದ ಹೆಂಗಸರಿಗೆ ಆ ಚಿತ್ರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದೂವರೆ ಗಂಟೆಯ ಮೇಲೆ ಹಿಂತಿರುಗಿ ಬಂದಾಗ ಉಪಾಧ್ಯಾಯರ ಪತ್ನಿಯವರು ಸುಮ್ಮನೆ ಕೂತಿರಲಿಲ್ಲ. ಇಟಲಿಯ ಮುದುಕಿಯೊಬ್ಬಳು ಅವರ ಪಕ್ಕದಲ್ಲಿ ಕೂತು ಕೈಸನ್ನೆಯಿಂದ ಮಾತನಾಡುತ್ತಿದ್ದಳು. ಇಬ್ಬರೂ ಮಂಡಿಯನ್ನು ತೋರಿಸಿಕೊಂಡು ಸ್ನೇಹ ಬೆಳೆಸಿದ್ದರು. ಆಕೆ ಹೋದ ಮೇಲೆ ಇವರು ನಮಗೆ ಹೇಳಿದರು: “ನೀವು ಮೇಲಿನಿಂದ ಊರನ್ನು ನೋಡಿ ಬಂದಿರಿ. ನಾನು ಇಲ್ಲಿ ಕೂತು ಕಿಟಕಿಗಳನ್ನು ಎಣಿಸಿದೆ. ಕೆಳಗೆಲ್ಲ ಅಂಗಡಿ, ಮೇಲೆ ಬಟ್ಟೆ ಒಣಹಾಕಿರುವುದು ಎರಡೇ ಕಿಟಕಿಯಲ್ಲಿ. ತರಕಾರಿಯ ಚೀಲ ಹಿಡಿದುಕೊಂಡು ಹೋದವರು ನಾಲ್ಕು ಜನ. ಉಳಿದವರೆಲ್ಲ ನಮ್ಮ ಹಾಗೆ ಬಂದವರೇ.”

ಈ ಮಾತು ನಮ್ಮೆಲ್ಲರ ಮನಸ್ಸಿಗೂ ನಾಟಿತು. ನೋಡುವವರಿಂದಲೇ ಬದುಕುವ ಊರಿಗೆ ನೋಡುವವರಿಂದಲೇ ಹಾನಿಯೂ ಉಂಟು. ಒಂದು ದೊಡ್ಡ ಹಡಗು ಮೂರು ನಾಲ್ಕು ಸಾವಿರ ಜನರನ್ನು ಒಮ್ಮೆಗೇ ದಡಕ್ಕೆ ಇಳಿಸುವುದು. ಅವರು ಹಡಗಿನಲ್ಲಿಯೇ ಉಂಡು ಹಡಗಿನಲ್ಲಿಯೇ ಮಲಗುವವರು. ಊರಿನಲ್ಲಿ ಬಿಡುವುದು ಕಾಲಿನ ಧೂಳು ಮಾತ್ರ. ಮನೆಗಳು ಬಾಡಿಗೆಯ ಕೊಠಡಿಗಳಾಗುತ್ತವೆ, ದಿನಸಿಯ ಅಂಗಡಿಗಳು ಆಟಿಕೆಯ ಅಂಗಡಿಗಳಾಗುತ್ತವೆ, ಊರಿನವರು ಕೆಳಗಿನ ಬಯಲಿಗೆ ಇಳಿದುಹೋಗುತ್ತಾರೆ. ವೆನಿಸ್ ನಗರವು ಈ ಕಷ್ಟವನ್ನು ತಾಳಲಾರದೆ ಬಳಲಿತು. 2021ರ ಆಗಸ್ಟಿನಿಂದ ದೊಡ್ಡ ಹಡಗುಗಳು ನಗರದ ನಡುವಣ ಕಾಲುವೆಯಲ್ಲಿ ಬರಕೂಡದೆಂದು ಸರಕಾರದವರು ಕಟ್ಟಳೆ ಮಾಡಿದರು. 2024ರ ಏಪ್ರಿಲಿನಿಂದ, ಗೊತ್ತಾದ ಕೆಲವು ದಿನಗಳಲ್ಲಿ, ಹಗಲು ಬಂದು ಹೋಗುವವರು ಪ್ರವೇಶಶುಲ್ಕವನ್ನು ಕೊಡುವ ಏರ್ಪಾಡನ್ನು ನಗರಸಭೆಯವರು ತಂದರು. ಹಡಗಿನ ಪ್ರವಾಸಿಗಳಾದ ನಾವು ಇದರಲ್ಲಿ ಭಾಗಿಗಳೇ ಅಲ್ಲವೆಂದು ಹೇಳಲಾಗದು. ಊರಿನಲ್ಲಿ ಉಣ್ಣುವುದು, ಊರಿನ ಕೈಗೆಲಸದವನಿಂದ ಕೊಳ್ಳುವುದು, ಬಾಗಿಲ ಮುಂದೆ ಗುಂಪುಕಟ್ಟಿ ನಿಲ್ಲದಿರುವುದು, ಇಷ್ಟಾದರೂ ನಮ್ಮ ಕೈಯಲ್ಲಿದೆ.

ಆದುದರಿಂದ ಹಡಗಿನ ಊಟದ ಪೊಟ್ಟಣವನ್ನು ಬಿಚ್ಚದೆ ಅಲ್ಲಿಯ ಚಿಕ್ಕ ಊಟದ ಮನೆಯೊಂದಕ್ಕೆ ಹೋದೆವು. ತಸ್ಕನಿಯ ಬ್ರೆಡ್ಡಿನಲ್ಲಿ ಉಪ್ಪಿರುವುದಿಲ್ಲ. ಮೊದಲ ತುತ್ತಿಗೆ ಸಪ್ಪೆಯೆನಿಸಿದರೂ ಎಣ್ಣೆ ಉಪ್ಪು ಸೋಕಿಸಿದರೆ ರುಚಿಯಾಗುತ್ತದೆ. ರಿಬೊಲ್ಲಿತಾ ಎಂಬ ಒಂದು ಅಡುಗೆಯುಂಟು. ಮರುಕುದಿಸಿದುದು ಎಂದು ಅದರ ಅರ್ಥ. ಬಿಳಿಯ ಅವರೆಯಂಥ ಕಾಳು, ಕಪ್ಪು ಎಲೆಕೋಸು, ಗಜ್ಜರಿ, ಈರುಳ್ಳಿಗಳನ್ನು ಬೇಯಿಸಿ, ನಿನ್ನೆಯ ಒಣ ಬ್ರೆಡ್ಡನ್ನು ಅದರಲ್ಲಿ ಮುರಿದು ಹಾಕಿ, ಮಾರನೆಯ ದಿನ ಮತ್ತೆ ಕುದಿಸಿ ಮೇಲೆ ಆಲಿವ್ ಎಣ್ಣೆಯನ್ನು ಹೊಯ್ಯುತ್ತಾರೆ. ಉಳಿದುದನ್ನು ಹಾಳುಮಾಡದ ಗೃಹಿಣಿಯ ಜಾಣ್ಮೆ ಎಲ್ಲ ದೇಶಗಳಲ್ಲಿಯೂ ಒಂದೇ. ಸಸ್ಯಾಹಾರಿಗಳು ಮಾತ್ರ, ಇದರಲ್ಲಿ ಹಂದಿಯ ಕೊಬ್ಬಾಗಲಿ ಮಾಂಸದ ಸಾರಾಗಲಿ ಸೇರಿದೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಹನ್ನೆರಡೂವರೆಗೆ ಹೊರಟು ಅಂಕುಡೊಂಕಾದ ದಾರಿಯಲ್ಲಿ ಹದಿನೆಂಟು ಇಪ್ಪತ್ತು ಮೈಲಿ ಸಾಗಿ ವೊಲ್ತೇರಾವನ್ನು ಸೇರಿದೆವು. ಈ ಊರು 1700 ಅಡಿಗೂ ಎತ್ತರದಲ್ಲಿದೆ. ಸಾನ್ ಜಿಮಿನ್ಯಾನೋ ಹಸುರಿನ ನಡುವೆ ನಗುತ್ತಿದ್ದರೆ, ವೊಲ್ತೇರಾ ಬೋಳು ಜೇಡಿಯ ದಿಣ್ಣೆಗಳ ಮೇಲೆ ಗಂಭೀರವಾಗಿ ಕೂತಿದೆ, ಗಾಳಿಗೆ ಬಿಡುವಿಲ್ಲ. ಎಟ್ರಸ್ಕನರು ಇದನ್ನು ವೆಲಾತ್ರಿ ಎಂದು ಕರೆದರು. ಅವರು ಕಟ್ಟಿದ ಕೋಟೆಯ ಸುತ್ತು ನಾಲ್ಕು ಮೈಲಿಗೂ ಮೀರಿತ್ತು. ಇಂದಿನ ಊರು ಅದರೊಳಗೆ ಸಡಿಲ ಅಂಗಿಯನ್ನು ತೊಟ್ಟ ಮುದುಕನಂತೆ ತೋರುತ್ತದೆ. 1472ರಲ್ಲಿ, ಪಟಿಕದ ಗಣಿಗಳ ವಿಷಯವಾಗಿ ಹುಟ್ಟಿದ ಜಗಳದಿಂದ, ಫ್ಲಾರೆನ್ಸಿನ ದಂಡು ಈ ಊರನ್ನು ಕೊಳ್ಳೆಹೊಡೆಯಿತು. ಆಗ ಗೆದ್ದವರು ಎಬ್ಬಿಸಿದ ದೊಡ್ಡ ಕೋಟೆ ಇಂದಿಗೂ ಸೆರೆಮನೆಯಾಗಿದೆ. 1988ರಲ್ಲಿ ಅಲ್ಲಿ ಸೆರೆಯಾಳುಗಳ ನಾಟಕಮಂಡಲಿಯೊಂದು ಆರಂಭವಾಗಿ ಹೆಸರು ಪಡೆದಿರುವುದು ಬೇರೆ ಮಾತು.

ಊರಿನ ದಕ್ಷಿಣಕ್ಕೆ ಎಟ್ರಸ್ಕನರ ಕಾಲದ ಹೆಬ್ಬಾಗಿಲೊಂದುಂಟು. ಸುಣ್ಣ ಗಾರೆಗಳಿಲ್ಲದೆ ಜೋಡಿಸಿದ ಕಲ್ಲುಗಳು. ಕಮಾನಿನ ಮೇಲೆ ಮೂರು ತಲೆಗಳು, ಎರಡು ಸಾವಿರ ವರ್ಷಕ್ಕೂ ಮೀರಿದ ಮಳೆ ಗಾಳಿಗೆ ಸವೆದು ಮುಖವಿಲ್ಲದಂತಾಗಿವೆ. 1944ರ ಜೂನ್ ತಿಂಗಳ ಕೊನೆಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ದಂಡಿನವರು, ಶತ್ರುಗಳ ಗಾಡಿಗಳು ಒಳಬಾರದಂತೆ ಈ ಬಾಗಿಲನ್ನು ಸಿಡಿಮದ್ದಿನಿಂದ ಹಾರಿಸಬೇಕೆಂದು ಗೊತ್ತುಮಾಡಿದರು. ಊರಿನವರು ಬೇಡಿಕೊಂಡರು: ಬಾಗಿಲು ಮುಚ್ಚಬೇಕಷ್ಟೆ, ನಾವೇ ಮುಚ್ಚಿಕೊಡುತ್ತೇವೆ ಎಂದರು. ಒಂದು ದಿನದ ಗಡುವು ದೊರೆಯಿತು. ಗಂಡಸರೂ ಹೆಂಗಸರೂ ಬೀದಿಯ ಹಾಸುಗಲ್ಲುಗಳನ್ನು ಕಿತ್ತು, ಕೈಯಿಂದ ಕೈಗೆ ಸಾಗಿಸಿ, ಗಡುವಿನೊಳಗೆ ಬಾಗಿಲನ್ನು ಭದ್ರವಾಗಿ ತುಂಬಿದರು. ಬಾಗಿಲು ಉಳಿಯಿತು. ಯುದ್ಧವು ಮುಂದೆ ಸರಿದ ಮೇಲೆ ಕಲ್ಲುಗಳನ್ನು ತೆಗೆದು ಮತ್ತೆ ಬೀದಿಗೆ ಹಾಸಿದರು. ಆ ಇಳಿಜಾರು ಬೀದಿಯಲ್ಲಿ ನಡೆಯುವಾಗ ಕಾಲ ಕೆಳಗಿನ ಕಲ್ಲುಗಳನ್ನು ನೋಡಿದಷ್ಟು ಮೇಲಿನ ಕಮಾನನ್ನು ನಾವು ನೋಡಲಿಲ್ಲ.

ಬಾಗಿಲಿಗೆ ಹೋಗುವ ದಾರಿ ಕಡಿದಾಗಿರುವುದರಿಂದ ಉಪಾಧ್ಯಾಯ ದಂಪತಿಗಳು ಅಲ್ಲಿಗೆ ಬರಲಿಲ್ಲ. ಅವರು ನೇರವಾಗಿ ಗ್ವಾರ್ನಾಚ್ಚಿ ವಸ್ತುಸಂಗ್ರಹಾಲಯಕ್ಕೆ ಹೋದರು. ಮಾರಿಯೋ ಗ್ವಾರ್ನಾಚ್ಚಿ ಎಂಬ ಪಂಡಿತನು ತಾನು ಕೂಡಿಸಿದ ಪ್ರಾಚೀನ ವಸ್ತುಗಳನ್ನೂ ಪುಸ್ತಕಗಳನ್ನೂ 1761ರಲ್ಲಿ ಊರಿಗೆ ದಾನವಾಗಿ ಕೊಟ್ಟನು; ಅದೇ ಈ ಸಂಗ್ರಹಾಲಯಕ್ಕೆ ಮೂಲ. ಇಲ್ಲಿ ಆರುನೂರಕ್ಕೂ ಹೆಚ್ಚು ಅಸ್ಥಿಪೆಟ್ಟಿಗೆಗಳಿವೆ. ಎಟ್ರಸ್ಕನರು ಇಲ್ಲಿ ಹೆಣವನ್ನು ಸುಟ್ಟು ಬೂದಿಯನ್ನು ಕಲ್ಲಿನ ಅಥವಾ ಸುಟ್ಟ ಮಣ್ಣಿನ ಚಿಕ್ಕ ಪೆಟ್ಟಿಗೆಯಲ್ಲಿಡುತ್ತಿದ್ದರು. ಮುಚ್ಚಳದ ಮೇಲೆ ಸತ್ತವರ ಪ್ರತಿಮೆ, ಒಂದು ಮೊಣಕೈಯನ್ನೂರಿ ಔತಣದಲ್ಲಿ ಒರಗಿದಂತೆ. ಗಂಡಸಿನ ಕೈಯಲ್ಲಿ ಬಟ್ಟಲು. ಹೆಂಗಸಿನ ಕೈಯಲ್ಲಿ ಬೀಸಣಿಗೆಯೋ ಕನ್ನಡಿಯೋ ದಾಳಿಂಬೆಯೋ. ಗ್ರೀಕರಲ್ಲಿ ಮರ್ಯಾದಸ್ಥ ಹೆಂಗಸರು ಗಂಡಸರ ಪಂಕ್ತಿಯಲ್ಲಿ ಕೂಡುತ್ತಿರಲಿಲ್ಲ; ಎಟ್ರಸ್ಕನರಲ್ಲಿ ಹೆಂಡತಿಯು ಗಂಡನ ಪಕ್ಕದಲ್ಲಿಯೇ ಒರಗಿ ಉಣ್ಣುತ್ತಿದ್ದಳು, ಅವಳಿಗೆ ತನ್ನದೇ ಆದ ಹೆಸರಿತ್ತು. ಇವರ ಲಿಪಿಯನ್ನು ಓದಬಹುದು. ಮಾತಿನ ಅರ್ಥ ಮಾತ್ರ ಬಹುಮಟ್ಟಿಗೆ ತಿಳಿಯದು. ಸಂಸ್ಕೃತಕ್ಕೂ ಇಟಲಿಯ ನುಡಿಗೂ ಇರುವ ನಂಟಿನಲ್ಲಿ ಇವರ ನುಡಿಗೆ ಪಾಲಿಲ್ಲ.

ಇಲ್ಲಿ ಎರಡು ವಸ್ತುಗಳು ಲೋಕಪ್ರಸಿದ್ಧವಾಗಿವೆ. ಒಂದು, ಎರಡಡಿಗೆ ಸ್ವಲ್ಪ ಕಡಮೆಯಾದ ಕಂಚಿನ ಹುಡುಗನ ವಿಗ್ರಹ. ಮೈಯೆಲ್ಲ ಕಡ್ಡಿಯಂತೆ ಎಳೆದು ಉದ್ದವಾಗಿಸಿದೆ. ಸಂಜೆಯ ನೆರಳು ಎಂದು ಅದಕ್ಕೆ ಹೆಸರು. ಇನ್ನೊಂದು, ದಂಪತಿಗಳ ಪೆಟ್ಟಿಗೆ. ಸುಟ್ಟ ಮಣ್ಣಿನ ಆ ಮುಚ್ಚಳದ ಮೇಲೆ ವಯಸ್ಸಾದ ಗಂಡ ಹೆಂಡಿರು ಒರಗಿದ್ದಾರೆ. ಶಿಲ್ಪಿಯು ಅವರನ್ನು ಚೆಲುವರನ್ನಾಗಿ ಮಾಡಲು ಹೋಗಿಲ್ಲ; ಹಣೆಯ ಗೆರೆ, ಜೋತ ಕೆನ್ನೆ, ಎಲ್ಲವೂ ಇವೆ. ಆಕೆ ತಿರುಗಿ ಗಂಡನ ಮುಖವನ್ನೇ ನೋಡುತ್ತಿದ್ದಾಳೆ. ನಾವು ಬಾಗಿಲನ್ನು ನೋಡಿಕೊಂಡು ಸಂಗ್ರಹಾಲಯಕ್ಕೆ ಬಂದಾಗ, ನಮ್ಮ ಉಪಾಧ್ಯಾಯರು ಇದರ ಮುಂದೆ ನಿಂತಿದ್ದರು. ಪತ್ನಿಯವರು ಪಕ್ಕದ ಆಸನದ ಮೇಲೆ ಕೂತಿದ್ದರು. ಆಕೆ, “ಇವರಿಬ್ಬರಲ್ಲಿ ಯಾರು ಮೊದಲು ಹೋದರೋ, ಬರೆದಿದೆಯೇ?” ಎಂದು ಕೇಳಿದರು. ಉಪಾಧ್ಯಾಯರು, “ಅದೊಂದೂ ಬರೆದಿಲ್ಲ,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಆಕೆ, “ಒಳ್ಳೆಯದೇ ಆಯಿತು,” ಎಂದರು. ಉಪಾಧ್ಯಾಯರು ಮತ್ತೆ ಮಾತನಾಡದೆ ಆಕೆಯ ಪಕ್ಕದಲ್ಲಿ ಕೂತರು. ನಾವು ಮುಂದಿನ ಕೋಣೆಗೆ ಹೋದೆವು.

ವೊಲ್ತೇರಾದಲ್ಲಿ ಕೊಳ್ಳತಕ್ಕುದು ಅಲಬಾಸ್ಟರ್ ಕಲ್ಲಿನ ಸಾಮಾನು. ಇದು ಒಂದು ಬಗೆಯ ಜಿಪ್ಸಮ್. ಮೃದುವಾಗಿ ಕೆತ್ತನೆಗೆ ಒದಗುತ್ತದೆ. ತೆಳ್ಳಗೆ ಕೊಯ್ದರೆ ಬೆಳಕು ಒಳಹಾಯುತ್ತದೆ. ಬೇಲೂರು ಹಳೇಬೀಡುಗಳ ಬಳಪದ ಕಲ್ಲನ್ನು ಕಂಡವರಿಗೆ, ಮೃದುವಾದ ಕಲ್ಲು ದೊರೆತಲ್ಲಿ ಕುಶಲರಾದ ಶಿಲ್ಪಿಗಳು ಬೆಳೆಯುವರೆಂಬುದು ಇಲ್ಲಿ ಮತ್ತೆ ಮನದಟ್ಟಾಗುತ್ತದೆ. ಬೀದಿಯ ಬದಿಯ ಕಾರ್ಖಾನೆಗಳಲ್ಲಿ ಕೆಲಸದವರು ತಲೆಯಿಂದ ಕಾಲಿನವರೆಗೆ ಬಿಳಿಯ ಧೂಳಿನಲ್ಲಿ ಮುಳುಗಿ ಕೆತ್ತುತ್ತಿರುತ್ತಾರೆ. ಕೆತ್ತಿದವನ ಕೈಯಿಂದಲೇ ಕೊಂಡರೆ ಬೆಲೆಯೂ ನ್ಯಾಯ, ವಸ್ತುವೂ ನಿಜ.

ಉತ್ತರದ ಕೋಟೆಯ ಮೇಲೆ ನಿಂತರೆ ಕೆಳಗೆ ರೋಮನರ ನಾಟಕಶಾಲೆಯ ಅವಶೇಷಗಳು ಕಾಣುತ್ತವೆ. ಬಹುಕಾಲ ಮಣ್ಣಿನಡಿಯಲ್ಲಿ ಮರೆಯಾಗಿದ್ದ ಇದನ್ನು 1950ರ ಈಚೆಗೆ ಎನ್ರಿಕೋ ಫ್ಯೂಮಿ ಎಂಬ ವಿದ್ವಾಂಸರು ಅಗೆಯಿಸಿದರು. ಅಗೆದವರು ಯಾರೆಂದರೆ, ಊರಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದ ರೋಗಿಗಳು. ಲೋಕವು ಮರೆತಿದ್ದ ಜನರು ಲೋಕವು ಮರೆತಿದ್ದ ಕಟ್ಟಡವನ್ನು ಹೊರಕ್ಕೆ ತೆಗೆದರೆಂದು ಉಪಾಧ್ಯಾಯರು ಹೇಳಿದುದು ಯುಕ್ತವಾಗಿಯೇ ಇತ್ತು.

ಮೂರೂಮುಕ್ಕಾಲಾಗಿತ್ತು. ಊರಿನ ಪಶ್ಚಿಮಕ್ಕೆ ಬಾಲ್ಸೆ ಎಂಬ ದೊಡ್ಡ ಕಮರಿಗಳಿವೆ. ಮೇಲೆ ಮರಳು, ಕೆಳಗೆ ಜೇಡಿ. ಮಳೆಯ ನೀರು ನಡುವೆ ಇಳಿದು ಬೆಟ್ಟವು ತುಂಡು ತುಂಡಾಗಿ ಜಾರಿ ಬೀಳುತ್ತದೆ. ಎಟ್ರಸ್ಕನರ ಶ್ಮಶಾನದ ಭಾಗವೂ, ಅವರ ಕೋಟೆಯ ಒಂದು ತುಂಡೂ, ಹಳೆಯ ದೇವಾಲಯವೊಂದೂ ಈ ಕಮರಿಯ ಬಾಯಿಗೆ ಬಿದ್ದಿವೆ. ಅಂಚಿನಲ್ಲಿದ್ದ ಪುರಾತನ ಮಠವನ್ನು ಸನ್ಯಾಸಿಗಳು 1861ರಲ್ಲಿ ಬಿಟ್ಟುಹೋದರು. 2014ರ ಜನವರಿಯ ಮಳೆಗೆ ಊರಿನ ನಡುಗಾಲದ ಕೋಟೆಗೋಡೆಯೂ ನೂರಡಿಯಷ್ಟು ಕುಸಿಯಿತು. ನಮ್ಮಲ್ಲಿ ಕೆಲವರು ಬಾಲ್ಸೆಯನ್ನು ನೋಡಲೇಬೇಕೆಂದರು. ಚಾಲಕನು ಗಡಿಯಾರವನ್ನು ತೋರಿಸಿದನು. ಆಗ ಉಪಾಧ್ಯಾಯರ ಪತ್ನಿಯವರು, “ವ್ಯಾನಿನಿಂದ ಇಳಿಯದೆ ನೋಡುವುದಾದರೆ ಹತ್ತು ನಿಮಿಷ ಸಾಲದೇ?” ಎಂದರು. ಹಾಗೆಯೇ ಆಯಿತು. ರಸ್ತೆಯ ಬದಿಯಿಂದ ಹಳದಿಯ ಆ ಕಮರಿಯನ್ನೂ ಅದರ ಅಂಚಿನಲ್ಲಿ ನಿಂತ ಪಾಳು ಮಠವನ್ನೂ ನೋಡಿ ಹೊರಟೆವು. ದಾರಿಯಲ್ಲಿ ರಸ್ತೆ ರಿಪೇರಿಯಿಂದ ಅರ್ಧ ಗಂಟೆ ನಿಲ್ಲಬೇಕಾಯಿತು. ಮೀಸಲಿಟ್ಟ ಗಂಟೆಯಲ್ಲಿ ಅರ್ಧ ಉಳಿದೇ ಇತ್ತು. ಅದರಲ್ಲಿಯೇ ಲಿವೋರ್ನೋದ ಅಂಗಡಿಯೊಂದರಲ್ಲಿ ಕಡಲೆಹಿಟ್ಟಿನ ತೆಳುವಾದ ರೊಟ್ಟಿಯಂಥ ತಿಂಡಿಯನ್ನು ಕೊಂಡೆವು. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಇಷ್ಟೇ. ಹೆಂಚಿನ ಒಲೆಯಲ್ಲಿ ಸುಟ್ಟು ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ಐದು ಮತ್ತು ಐದು ಎಂದು ಅದಕ್ಕೆ ಹೆಸರು. ಹಿಂದೆ ಐದು ಕಾಸಿನ ಬ್ರೆಡ್ಡು, ಐದು ಕಾಸಿನ ರೊಟ್ಟಿ ಎಂದು ಕೇಳುತ್ತಿದ್ದರಂತೆ. ಅಂದಿನ ಊಟಗಳಲ್ಲೆಲ್ಲ ಮಕ್ಕಳು ಮೆಚ್ಚಿದುದು ಇದನ್ನೇ.

ಇನ್ನು ಗೃಹಸ್ಥರಿಗೆ ನಮ್ಮ ಸಲಹೆಗಳು. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ದಿನಕ್ಕೆ ಒಂದೇ ಊರು ಸಾಕು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ವೊಲ್ತೇರಾವನ್ನು ಆರಿಸಿರಿ, ಅಲ್ಲಿ ಸಂದಣಿ ಕಡಮೆ, ಊರಿನವರೂ ಊರಿನಲ್ಲಿದ್ದಾರೆ. ನುಣುಪಾದ ಅಟ್ಟೆಯ ಮೆಟ್ಟು ಹಾಸುಗಲ್ಲಿನ ಮೇಲೆ ಜಾರುವುದು. ದೇವಾಲಯಗಳಲ್ಲಿ ಭುಜವನ್ನೂ ಮಂಡಿಯನ್ನೂ ಮುಚ್ಚಿರಬೇಕು. ನಮ್ಮ ಸೀರೆಗೆ ಆ ತೊಂದರೆಯಿಲ್ಲ. ಹಡಗು ನಡುವೆ ಷೆಂಗೆನ್ ಒಕ್ಕೂಟದ ಹೊರಗಿನ ದೇಶವನ್ನು ಮುಟ್ಟಿ ಮತ್ತೆ ಒಳಬರುವುದಾದರೆ, ಹಲವು ಸಲ ಪ್ರವೇಶಿಸಲು ಅನುಮತಿಯುಳ್ಳ ವೀಸಾವನ್ನೇ ಕೇಳಿ ಪಡೆಯತಕ್ಕುದು. ವಾಹನವನ್ನು ಸ್ವಂತವಾಗಿ ಗೊತ್ತುಮಾಡಿದರೆ ಒಂದು ಗಂಟೆಯನ್ನು ಮೀಸಲಿಡದೆ ಹೊರಡಬೇಡಿರಿ.

ಒಂದು ಹಗಲಿನಲ್ಲಿ ಊರನ್ನು ತಿಳಿದೆವೆಂದು ಹೇಳುವುದು ಸಲ್ಲದು. ಆದರೆ ಬೀದಿಯ ಕಲ್ಲನ್ನು ಕಿತ್ತು ಬಾಗಿಲನ್ನು ಉಳಿಸಿದ ಜನರು ಇದ್ದರೆಂಬುದನ್ನು, ಹಟದ ಗೋಪುರಗಳು ಏನಾದುವೆಂಬುದನ್ನು, ಎರಡು ಸಾವಿರ ವರ್ಷದ ಹಿಂದೆಯೂ ಮುದಿ ದಂಪತಿಗಳು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರೆಂಬುದನ್ನು ಅರಿಯಲು ಒಂದು ಹಗಲು ಸಾಲದೆಂದೂ ಹೇಳಲಾಗದು. ಎಷ್ಟು ಊರು ನೋಡಿದೆವೆಂದು ಎಣಿಸಿಕೊಳ್ಳುವವರಿಗೆ ಈ ಪ್ರವಾಸವು ದುಬಾರಿಯೇ ಸರಿ; ನಿಧಾನವಾಗಿ ಕೂತು ನೋಡಬಲ್ಲವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಮನೆಯ ಹಿರಿಯರನ್ನು ಬಿಟ್ಟು ಹೋಗಬೇಕೆ ಕರೆದುಕೊಂಡು ಹೋಗಬೇಕೆ ಎಂದು ಕೇಳುವವರಿಗೆ, ಕರೆದುಕೊಂಡೇ ಹೋಗಿರಿ ಎಂಬುದೇ ನಮ್ಮ ಉತ್ತರ.